ಅಲ್ಲ, ಇಲ್ಲ, ಗೊತ್ತಿಲ್ಲ

ದಿನಸಿ ಅಂಗಡಿಯ ಮುಂದೆ ನಿಂತು ‘ಇದು ಸೋನಾ ಮಸೂರಿನಾ?’ ಎಂದು ಕೇಳಿದರೆ ‘ಅಲ್ಲ’ ಎಂಬ ಉತ್ತರ ಬರುತ್ತದೆ. ‘ಸೋನಾ ಮಸೂರಿ ಇದೆಯಾ?’ ಎಂದರೆ ‘ಇಲ್ಲ’. ಅಂಗಡಿಯವರು ‘ಚೀಲ ಬೇಕಾ?’ ಎಂದು ಕೇಳಿದರೆ ನಾವು ‘ಬೇಡ’ ಅನ್ನುತ್ತೇವೆ. ‘ದುಡ್ಡು ತಿಂಗಳ ಕೊನೆಗೆ ಕೊಡಲಾ?’ ಎಂದರೆ ‘ಆಗಲ್ಲ’ ಅನ್ನುತ್ತಾರೆ. ಎರಡು ನಿಮಿಷದ ವ್ಯವಹಾರದಲ್ಲಿ ನಾಲ್ಕು ನಿರಾಕರಣೆಗಳು ಬಂದವು, ನಾಲ್ಕಕ್ಕೂ ಬೇರೆ ಬೇರೆ ಪದ. ಅಕ್ಕಿ ಆ ಜಾತಿಯದ್ದಾಗಿರದಿರುವುದು ಒಂದು ಸಂಗತಿ, ಆ ಜಾತಿಯ ಅಕ್ಕಿ ಅಂಗಡಿಯಲ್ಲಿ ಇರದಿರುವುದು ಇನ್ನೊಂದು. ಈ ಭೇದ ನಮಗೆ ಮಾತು ಕಲಿತಾಗಲೇ ಬಂದಿರುತ್ತದೆ, ವ್ಯಾಕರಣದ ಪಾಠ ಬೇಕಾಗುವುದಿಲ್ಲ.

ಕಂಪ್ಯೂಟರಿನ ಬಳಿ ಈ ನಾಲ್ಕಕ್ಕೂ ಇರುವುದು ಒಂದೇ ಪದ, ಫಾಲ್ಸ್. ಅದರ ಎದುರಿಗೆ ಟ್ರೂ. ಕಾಲೇಜಿನ ಮೊದಲ ತಿಂಗಳಲ್ಲೇ ಟ್ರೂತ್ ಟೇಬಲ್ ಬರೆಸಿ, ಅಂಕ ಕೊಟ್ಟು, ಇಷ್ಟು ಸುಲಭದ ವಿಷಯ ಬೇರೊಂದಿಲ್ಲ ಎಂಬಂತೆ ನಮ್ಮನ್ನು ಮುಂದಕ್ಕೆ ಕಳುಹಿಸುತ್ತಾರೆ. ಪ್ರೋಗ್ರಾಂ ಬರೆಯುವ ಕೆಲಸದಲ್ಲಿ ವರ್ಷಗಳು ಕಳೆದಂತೆ ನನಗೆ ಅನ್ನಿಸಿರುವುದು ಇದರ ತಿರುಗುಮುರುಗು. ಟ್ರೂ ಮತ್ತು ಫಾಲ್ಸ್‌ನಷ್ಟು ಜನರನ್ನು ಕಾಡಿದ ಸಣ್ಣ ಸಂಗತಿ ಈ ವಿದ್ಯೆಯಲ್ಲಿ ಇನ್ನೊಂದಿಲ್ಲ. ಕಾಡುವುದಕ್ಕೆ ಕಾರಣವೂ ಹೆಚ್ಚು ಕಡಿಮೆ ಒಂದೇ: ‘ಅಲ್ಲ’, ‘ಇಲ್ಲ’, ‘ಬೇಡ’, ‘ಆಗಲಿಲ್ಲ’, ‘ಗೊತ್ತಿಲ್ಲ’ ಇವೆಲ್ಲವನ್ನೂ ಒಂದೇ ಬಿಟ್ಟಿಗೆ, ಅಂದರೆ 0 ಅಥವಾ 1 ಮಾತ್ರ ಹಿಡಿಯುವ ಒಂದು ಜಾಗಕ್ಕೆ, ತುಂಬಿದ್ದೇವೆ.

ಬೆರಕೆ ಶುರುವಾದದ್ದು ಕಂಪ್ಯೂಟರ್ ಹುಟ್ಟುವ ಮೊದಲೇ. ಇಂಗ್ಲೆಂಡಿನ ಲಿಂಕನ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಜಾರ್ಜ್ ಬೂಲ್, ಪಾದರಕ್ಷೆ ಹೊಲಿಯುವವರ ಮಗ. ಹೆಚ್ಚಿನ ಗಣಿತವನ್ನು ತಾನೇ ಓದಿ ಕಲಿತು, 1849ರಲ್ಲಿ ಐರ್ಲೆಂಡಿನ ಕಾರ್ಕ್ ನಗರದ ಕ್ವೀನ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ತರ್ಕವನ್ನು ಬೀಜಗಣಿತದಂತೆ ಬರೆಯಬಹುದು ಎಂದು ಮೊದಲು 1847ರಲ್ಲಿ, ಆಮೇಲೆ ವಿಸ್ತಾರವಾಗಿ 1854ರಲ್ಲಿ ತೋರಿಸಿದರು. ಅವರ ಬೀಜಗಣಿತದಲ್ಲಿ ಒಂದು ವಿಚಿತ್ರ ನಿಯಮವಿದೆ: ಯಾವುದನ್ನು ಅದರಿಂದಲೇ ಗುಣಿಸಿದರೂ ಅದೇ ಉಳಿಯಬೇಕು. ‘ಬಿಳಿಯವುಗಳಲ್ಲಿ ಬಿಳಿಯವು’ ಎಂದರೆ ಬಿಳಿಯವೇ ಅಲ್ಲವೇ? ಮಾಮೂಲಿ ಸಂಖ್ಯೆಗಳಲ್ಲಿ ಈ ನಿಯಮಕ್ಕೆ ಒಗ್ಗುವವು ಎರಡೇ, 0 ಮತ್ತು 1. ಇಲ್ಲಿ ಗಮನಿಸಬೇಕಾದ್ದು, ಬೂಲ್ ಮೊದಲಿಗೆ ಈ 0ಗೆ ಕೊಟ್ಟ ಅರ್ಥ ಸುಳ್ಳು ಎಂದಲ್ಲ, ಶೂನ್ಯ ಎಂದು, ಏನೂ ಇಲ್ಲದ ಗುಂಪು ಎಂದು. 1 ಎಂದರೆ ಇರುವ ಸಮಸ್ತವೂ. ಅಂದರೆ ಅವರ ಸೊನ್ನೆ ನಮ್ಮ ‘ಇಲ್ಲ’. ವಾಕ್ಯಗಳ ನಿಜ ಸುಳ್ಳಿಗೆ ಅದನ್ನು ಅವರು ಹೊಂದಿಸಿದ್ದು ಪುಸ್ತಕದಲ್ಲಿ ಮುಂದಕ್ಕೆ ಹೋದ ಮೇಲೆ. ಸತ್ಯಮೌಲ್ಯ ಎಂಬ ಕಲ್ಪನೆಯನ್ನು, ಅಂದರೆ ನಿಜ ಮತ್ತು ಸುಳ್ಳು ತಾವೇ ಎರಡು ವಸ್ತುಗಳು ಎಂಬ ನೋಟವನ್ನು, ಸ್ಪಷ್ಟವಾಗಿ ಮಂಡಿಸಿದವರು ಜರ್ಮನಿಯ ಗಾಟ್‌ಲಾಬ್ ಫ್ರೇಗೆ, 1891ರಲ್ಲಿ. ಎರಡು ಬೇರೆ ವಿಚಾರಗಳು ಒಂದೇ ಸೊನ್ನೆಯ ಮನೆಯಲ್ಲಿ ವಾಸಕ್ಕೆ ಬಂದವು.

ಆ ಸೊನ್ನೆ ಒಂದುಗಳು ತಂತಿಗೆ ಇಳಿದದ್ದು 1937ರಲ್ಲಿ. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ 21 ವರ್ಷದ ಕ್ಲಾಡ್ ಶ್ಯಾನನ್ ತಮ್ಮ ಸ್ನಾತಕೋತ್ತರ ಪ್ರಬಂಧದಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳ ರಿಲೇಗಳನ್ನು ಬೂಲರ ಬೀಜಗಣಿತದಿಂದ ಲೆಕ್ಕ ಹಾಕಬಹುದು ಎಂದು ತೋರಿಸಿದರು. ಇಂದಿನ ಯಾವ ವಿದ್ಯಾರ್ಥಿ ಆ ಪ್ರಬಂಧ ತೆರೆದರೂ ಒಂದು ಕ್ಷಣ ತಬ್ಬಿಬ್ಬಾಗುತ್ತಾರೆ. ಅದರಲ್ಲಿ ಕರೆಂಟ್ ಹರಿಯುವ ಮಂಡಲ 0, ಹರಿಯದ ಮಂಡಲ 1. ಶ್ಯಾನನ್ ಅಳೆದದ್ದು ಹರಿವನ್ನಲ್ಲ, ತಡೆಯನ್ನು. ತಡೆ ಇಲ್ಲದಿದ್ದರೆ ಸೊನ್ನೆ. ಅವರ ಲೆಕ್ಕ ಪೂರ್ತಿ ಸರಿ, ಏಕೆಂದರೆ ಈ ಬೀಜಗಣಿತದಲ್ಲಿ 0 ಮತ್ತು 1 ಒಂದು ಕನ್ನಡಿಯ ಎರಡು ಬದಿ. ಯಾವುದಕ್ಕೆ ಹೌದು, ಯಾವುದಕ್ಕೆ ಇಲ್ಲ ಎಂದು ಹೆಸರಿಡುವುದು ಮನುಷ್ಯರ ಒಪ್ಪಂದ. ಒಪ್ಪಂದ ಬೇರೆ ಬೇರೆ ಕಡೆ ಬೇರೆ ಬೇರೆಯಾದಾಗ ಏನಾಗುತ್ತದೆ ಎಂಬುದೇ ಮುಂದಿನ ಕಥೆ.

ಅದಕ್ಕೂ ಮೊದಲು ಒಂದು ಮಾತು. ತಂತಿಯಲ್ಲೂ ಇರುವುದು ಎರಡೇ ಸ್ಥಿತಿ ಎಂಬುದು ನಿಜವಲ್ಲ. ಹಲವು ದಶಕ ಎಲ್ಲ ಲ್ಯಾಬ್‌ಗಳಲ್ಲೂ ಬಳಕೆಯಲ್ಲಿದ್ದ 5 ವೋಲ್ಟಿನ ಟಿಟಿಎಲ್ ಚಿಪ್‌ಗಳಲ್ಲಿ 0.8 ವೋಲ್ಟಿಗಿಂತ ಕೆಳಗಿದ್ದರೆ 0, 2 ವೋಲ್ಟಿಗಿಂತ ಮೇಲಿದ್ದರೆ 1. ನಡುವಿನ ಜಾಗ ಯಾರದ್ದೂ ಅಲ್ಲ, ಅಲ್ಲಿ ಚಿಪ್ ಏನು ಹೇಳುತ್ತದೆ ಎಂಬುದಕ್ಕೆ ತಯಾರಕರ ಖಾತರಿ ಇಲ್ಲ. ಆ ನಡುಪಟ್ಟಿಯಲ್ಲಿ ಸಂಕೇತ ನಿಲ್ಲದಂತೆ ನೋಡಿಕೊಳ್ಳುವುದೇ ಹಾರ್ಡ್‌ವೇರ್ ಎಂಜಿನಿಯರರ ಅರ್ಧ ಕೆಲಸ. ‘ಗೊತ್ತಿಲ್ಲ’ ಎಂಬ ಸ್ಥಿತಿ ಇದೆ ಎಂದು ಒಪ್ಪಿಕೊಂಡು, ಅದಕ್ಕೆ ಗಡಿ ಗುರುತಿಸಿ, ದೂರ ಇಟ್ಟರು. ಸಾಫ್ಟ್‌ವೇರಿನವರು ಆ ಎಚ್ಚರ ತೋರಲಿಲ್ಲ.

ಮೊದಲ ಭಾಷೆಗಳಲ್ಲಿ ನಿಜ ಸುಳ್ಳು ಎಂಬ ಪ್ರತ್ಯೇಕ ಜಾತಿಯೇ ಇರಲಿಲ್ಲ. ಐಬಿಎಂ 1957ರಲ್ಲಿ ಹೊರತಂದ ಫೋರ್ಟ್ರಾನ್‌ನಲ್ಲಿ ‘ಇಫ್’ ಎಂದರೆ ಮೂರು ದಾರಿಯ ಕೂಡುರಸ್ತೆ. ಲೆಕ್ಕದ ಫಲ ಋಣವಾದರೆ ಒಂದು ಸಾಲಿಗೆ, ಸೊನ್ನೆಯಾದರೆ ಇನ್ನೊಂದಕ್ಕೆ, ಧನವಾದರೆ ಮತ್ತೊಂದಕ್ಕೆ ಹೋಗು. ಯಂತ್ರ ಸಹಜವಾಗಿ ಪರೀಕ್ಷಿಸಬಲ್ಲದ್ದು ಅದನ್ನೇ. ನಿಜ ಸುಳ್ಳಿಗೆ ಬೂಲರ ಹೆಸರಿನಲ್ಲೇ ಒಂದು ಟೈಪ್ ಕೊಟ್ಟು ಗೌರವಿಸಿದ್ದು ಆಲ್ಗಾಲ್ 60. ಇಂದಿಗೂ ನಾವು ಬೂಲಿಯನ್ ಎನ್ನುವುದು ಆ ದಾರಿಯಲ್ಲಿ ಬಂದ ಮಾತು. ಪಾಸ್ಕಲ್, ಜಾವಾ, ಹ್ಯಾಸ್ಕೆಲ್, ಗೋ, ರಸ್ಟ್ ಈ ಸಾಲಿನವು. ಇಲ್ಲಿ ಬೂಲಿಯನ್ ಅಲ್ಲದ್ದನ್ನು ‘ಇಫ್’ ಮುಂದೆ ಇಟ್ಟರೆ ಕಂಪೈಲರ್ ಬಾಗಿಲಲ್ಲೇ ತಡೆಯುತ್ತದೆ.

ಇನ್ನೊಂದು ಸಾಲು ಜಾನ್ ಮೆಕಾರ್ಥಿಯವರ ಲಿಸ್ಪ್‌ನದು. ಅದರಲ್ಲಿ ‘ನಿಲ್’ ಎಂಬುದು ಖಾಲಿ ಪಟ್ಟಿಯೂ ಹೌದು, ಸುಳ್ಳೂ ಹೌದು, ಉಳಿದದ್ದೆಲ್ಲ ನಿಜ. ಬರೆಯಲು ಇದು ಎಷ್ಟು ಹಿತ ಎಂದರೆ, ‘ಪಟ್ಟಿಯಲ್ಲಿ ಏನಾದರೂ ಇದೆಯೇ’ ಎಂದು ಕೇಳಲು ಪಟ್ಟಿಯ ಹೆಸರು ಬರೆದರೆ ಸಾಕು. ಲಿಸ್ಪ್ ಬರೆದವರು ಆ ಸುಖವನ್ನು ಮರೆಯುವುದಿಲ್ಲ. ಆದರೆ ‘ಹುಡುಕಿದೆ, ಸಿಕ್ಕ ಉತ್ತರ ಖಾಲಿ ಪಟ್ಟಿ’ ಎಂಬುದಕ್ಕೂ ‘ಹುಡುಕಿದೆ, ಸಿಗಲೇ ಇಲ್ಲ’ ಎಂಬುದಕ್ಕೂ ಇಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಲಿಸ್ಪ್‌ನ ಮಗಳೇ ಆದ ಸ್ಕೀಮ್ ಭಾಷೆ ಕೊನೆಗೆ ಇವೆರಡನ್ನು ಬೇರ್ಪಡಿಸಿತು. ಈಗ ಅಲ್ಲಿ ಸುಳ್ಳು ಒಂದೇ, ಖಾಲಿ ಪಟ್ಟಿ ನಿಜದ ಕಡೆಗೆ ಸೇರಿದೆ.

ಮೂರನೆಯ ಸಾಲು ಸಿ ಭಾಷೆಯದು, ಜಗತ್ತಿನ ಮೇಲೆ ಅತಿ ಹೆಚ್ಚು ಪ್ರಭಾವ ಬೀರಿದ್ದೂ ಅದೇ. ಡೆನಿಸ್ ರಿಚಿ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಕಟ್ಟಿದಾಗ ಬೂಲಿಯನ್ ಟೈಪ್ ಇಡಲಿಲ್ಲ. ಸೊನ್ನೆ ಎಂದರೆ ಸುಳ್ಳು, ಸೊನ್ನೆಯಲ್ಲದ ಯಾವುದೇ ಸಂಖ್ಯೆ ನಿಜ, ಅಷ್ಟೇ. ಒಂದೊಂದೇ ಬಿಟ್ಟನ್ನು ಹಿಡಿದು ‘ಮತ್ತು’ ನೋಡುವ ಗುರುತೂ ತರ್ಕದ ‘ಮತ್ತು’ವಿನ ಗುರುತೂ ಮೊದಲಿಗೆ ಒಂದೇ ಆಗಿದ್ದವು. ಅಲನ್ ಸ್ನೈಡರ್ ಸೂಚಿಸಿದ ಮೇಲೆ ರಿಚಿ ಎರಡನ್ನು ಬೇರೆ ಮಾಡಿದರು. ಅಷ್ಟು ಹೊತ್ತಿಗೆ ಹಳೆಯ ಕೋಡ್ ಬೆಳೆದಿತ್ತು, ಅದು ಕೆಡಬಾರದು ಎಂದು ಹಳೆಯ ಗುರುತಿನ ಆದ್ಯತೆಯನ್ನು ಹಾಗೇ ಉಳಿಸಿಕೊಂಡರು. ಐವತ್ತು ವರ್ಷಗಳ ನಂತರವೂ ಸಿ ಬರೆಯುವವರು ಅಲ್ಲಿ ಆವರಣ ಹಾಕಲು ಮರೆತು ಪೇಚಿಗೆ ಸಿಕ್ಕುತ್ತಾರೆ. ಆ ಬೇರ್ಪಡಿಕೆ ಏಕೆ ಬೇಕಿತ್ತು ಎಂಬುದಕ್ಕೆ ಸಣ್ಣ ಉದಾಹರಣೆ: 1 ನಿಜ, 2 ಕೂಡ ನಿಜ, ಆದರೆ ಒಂದೊಂದೇ ಬಿಟ್ಟನ್ನು ಹಿಡಿದು ‘ಮತ್ತು’ ಮಾಡಿದರೆ ಸಿಗುವುದು 0, ಅಂದರೆ ಸುಳ್ಳು. ಸಿ ಭಾಷೆಗೆ ಬೂಲಿಯನ್ ಟೈಪ್ ಬಂದದ್ದು 1999ರ ಮಾನಕದಲ್ಲಿ. ಟ್ರೂ, ಫಾಲ್ಸ್ ಎಂಬ ಪದಗಳು ಭಾಷೆಯ ಸ್ವಂತ ಪದಗಳಾದದ್ದು ಸಿ23 ಎಂಬ ಮಾನಕದಲ್ಲಿ.

ಬೇಸಿಕ್ ಕಲಿತು ಬಂದ ತಲೆಮಾರಿಗೆ ಇನ್ನೊಂದು ನೆನಪಿರುತ್ತದೆ. ಮೈಕ್ರೋಸಾಫ್ಟ್ ಬೇಸಿಕ್‌ನಲ್ಲಿ ‘2 ಕ್ಕಿಂತ 3 ದೊಡ್ಡದೇ’ ಎಂದು ಕೇಳಿ ಉತ್ತರವನ್ನು ಪ್ರಿಂಟ್ ಮಾಡಿದರೆ -1 ಎಂದು ಬರುತ್ತಿತ್ತು. ಇದು ತಪ್ಪಲ್ಲ, ಯೋಚಿಸಿ ಮಾಡಿದ್ದು. ಸೊನ್ನೆಯ ಎಲ್ಲ ಬಿಟ್ಟುಗಳನ್ನು ಬೋರಲು ಹಾಕಿದರೆ ಎಲ್ಲವೂ 1 ಆಗುತ್ತವೆ. ಯಂತ್ರವು ಋಣಸಂಖ್ಯೆ ಬರೆಯುವ ರೀತಿಯಲ್ಲಿ ಅದು -1. ಹೀಗೆ ಮಾಡಿದರೆ ತರ್ಕಕ್ಕೂ ಬಿಟ್ಟಿಗೂ ಒಂದೇ ‘ಮತ್ತು’ ಸಾಕು, ಸಿ ಅನುಭವಿಸಿದ ತೊಂದರೆ ಬರುವುದಿಲ್ಲ. ಸೊಗಸಾದ ಪರಿಹಾರ. ಆದರೆ ಒಂದು ಪ್ರೋಗ್ರಾಮಿನ ‘ನಿಜ’ 1, ಇನ್ನೊಂದರದ್ದು -1 ಆದಾಗ, ಇವೆರಡೂ ಸಮವೇ ಎಂದು ಹೋಲಿಸಿದವರಿಗೆ ಸಿಗುವ ಉತ್ತರ ‘ಅಲ್ಲ’.

ಇವುಗಳ ನಂತರ ಬಂದ ಭಾಷೆಗಳು ಬರೆಯುವವರ ಅನುಕೂಲ ನೋಡುತ್ತ, ಯಾವ ಯಾವ ಮೌಲ್ಯವನ್ನು ಸುಳ್ಳಿನಂತೆ ಕಾಣಬೇಕು ಎಂದು ತಮ್ಮ ತಮ್ಮ ಪಟ್ಟಿ ಮಾಡಿಕೊಂಡವು. ಎರಡು ಭಾಷೆಗಳ ಪಟ್ಟಿ ಹೊಂದುವುದು ಅಪರೂಪ. ರೂಬಿಯಲ್ಲಿ ಸೊನ್ನೆ ನಿಜ. ಪೈಥಾನ್‌ನಲ್ಲಿ ಸೊನ್ನೆ, ಖಾಲಿ ಪಟ್ಟಿ, ಖಾಲಿ ಪದ ಎಲ್ಲವೂ ಸುಳ್ಳು. ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಪಟ್ಟಿಯನ್ನು ‘ಇಫ್’ ಮುಂದೆ ಇಟ್ಟರೆ ನಿಜ, ಅದನ್ನೇ ಎರಡು ಸಮಚಿಹ್ನೆಯಿಂದ ಫಾಲ್ಸ್ ಜೊತೆ ಹೋಲಿಸಿದರೆ ಸಮ. ಪರ್ಲ್ ಮತ್ತು ಪಿಎಚ್‌ಪಿಗಳಲ್ಲಿ ಉದ್ಧರಣ ಚಿಹ್ನೆಯೊಳಗಿನ ‘0’ ಎಂಬ ಅಕ್ಷರವೂ ಸುಳ್ಳು. ಕೊನೆಯದು ಯಾರಿಗೆ ನೋವು ಮಾಡುತ್ತದೆ ಎಂದು ನೋಡಿ. ಜಾಲತಾಣದ ಅರ್ಜಿಯಲ್ಲಿ ‘ಮಕ್ಕಳೆಷ್ಟು?’ ಎಂಬಲ್ಲಿ ಒಬ್ಬರು 0 ಎಂದು ತುಂಬುತ್ತಾರೆ. ಖಾಲಿಯೇ ಎಂದು ಕೇಳುವ ಪಿಎಚ್‌ಪಿಯ ಫಂಕ್ಷನ್ ‘ಹೌದು, ಖಾಲಿ’ ಎನ್ನುತ್ತದೆ. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ‘ದಯವಿಟ್ಟು ಈ ಜಾಗ ತುಂಬಿ’ ಎಂದು ಬರುತ್ತದೆ. ಮಕ್ಕಳಿಲ್ಲ ಎಂಬುದು ಒಂದು ಉತ್ತರ, ಉತ್ತರ ಕೊಟ್ಟಿಲ್ಲ ಎಂಬುದು ಬೇರೆ. ತುಂಬಿದವರಿಗೆ ತಾನೇನು ತಪ್ಪು ಮಾಡಿದೆ ಎಂದು ತಿಳಿಯುವುದೇ ಇಲ್ಲ.

ಪೈಥಾನ್‌ನ ಒಂದು ಪ್ರಸಂಗವನ್ನು ನಾನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ. ಆ ಭಾಷೆಯಲ್ಲಿ ದಿನದ ಸಮಯವನ್ನು ಇಡುವ ಒಂದು ಟೈಪ್ ಇದೆ. ಬಹಳ ವರ್ಷ ಅದರಲ್ಲಿ ಮಧ್ಯರಾತ್ರಿ ಸುಳ್ಳಾಗಿತ್ತು! ಗಂಟೆ 0, ನಿಮಿಷ 0, ಹಾಗಾಗಿ ಸೊನ್ನೆ, ಹಾಗಾಗಿ ಸುಳ್ಳು. ‘ಸಮಯ ಕೊಟ್ಟಿದ್ದರೆ ಅಲಾರಂ ಇಡು’ ಎಂದು ಬರೆದ ಪ್ರೋಗ್ರಾಂ ಹಗಲಿಡೀ ಸರಿಯಾಗಿ ನಡೆದು, ರಾತ್ರಿ ಹನ್ನೆರಡಕ್ಕೆ ಇಟ್ಟ ಅಲಾರಂ ಮಾತ್ರ ಮರೆತುಬಿಡುತ್ತಿತ್ತು. ನಿಯಮದಲ್ಲಿ ಇನ್ನೂ ಒಂದು ತಿರುವಿತ್ತು. ಸಮಯದ ಜೊತೆ ದೇಶದ ಕಾಲವಲಯವನ್ನೂ ಇಟ್ಟರೆ, ಗ್ರೀನ್‌ವಿಚ್ ಕಾಲದ ಅಂತರವನ್ನು ಕಳೆದು ಉಳಿದದ್ದು ಸೊನ್ನೆಯೇ ಎಂದು ನೋಡುತ್ತಿತ್ತು. ಭಾರತದ ಅಂತರ ಐದೂವರೆ ಗಂಟೆ. ಹೀಗಾಗಿ ನಮ್ಮ ಪಾಲಿಗೆ ಸುಳ್ಳಾದದ್ದು ಬೆಳಗಿನ ಐದೂವರೆ, ಹಾಲಿನವರು ಬಾಗಿಲು ತಟ್ಟುವ ಹೊತ್ತು. 2015ರಲ್ಲಿ ಬಂದ ಪೈಥಾನ್ 3.5 ಇದನ್ನು ಸರಿಪಡಿಸಿತು. ಇದು ದಾಖಲೆಯಲ್ಲಿ ಬರೆದಿಟ್ಟ ನಿಯಮ, ಮೈಮರೆತು ಆದ ತಪ್ಪಲ್ಲ. ಹಾಗಾಗಿ ತೆಗೆಯಬೇಕೇ ಬೇಡವೇ ಎಂದು ಗಂಭೀರ ಚರ್ಚೆಯೇ ನಡೆಯಿತು. ಸೊನ್ನೆಯಿಂದ ಎಣಿಸುವ ಒಂದು ವಸ್ತುವಿಗೆ ‘ಸೊನ್ನೆ ಎಂದರೆ ಇಲ್ಲ’ ಎಂಬ ನಿಯಮ ಹಚ್ಚಬಾರದು ಎಂದು ಹೇಳುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಸಂರಚನಾ ಕಡತ ಬರೆಯುವ ಯಾಮಲ್ ಎಂಬ ವಿಧಾನದ್ದೂ ಇದೇ ಜಾತಿಯ ತೊಡಕು. ಅದರ 1.1ನೇ ಆವೃತ್ತಿಯಲ್ಲಿ ಯೆಸ್, ನೋ, ಆನ್, ಆಫ್ ಎಲ್ಲವೂ ಬೂಲಿಯನ್. ದೇಶಗಳ ಎರಡಕ್ಷರದ ಸಂಕೇತಗಳನ್ನು ಪಟ್ಟಿ ಮಾಡಿದರೆ ನಾರ್ವೆಯ ‘ಎನ್ಒ’ ಸಂಕೇತವನ್ನು ಅದು ‘ನೋ’ ಎಂದು ಓದಿ ಫಾಲ್ಸ್ ಮಾಡುತ್ತಿತ್ತು. 2009ರ 1.2ನೇ ಆವೃತ್ತಿ ಇದನ್ನು ಕೈಬಿಟ್ಟರೂ ಹಳೆಯ ರೀತಿಯಲ್ಲಿ ಓದುವ ಸಾಧನಗಳು ಬಳಕೆಯಲ್ಲಿ ಉಳಿದವು.

ಇಷ್ಟು ಕಿರಿಕಿರಿಯ ಮಾತಾಯಿತು. ಬೀಗ ತೆರೆದುಕೊಂಡ ಪ್ರಸಂಗಗಳು ಬೇರೆ ಇವೆ.

ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಒಂದು ಆಜ್ಞೆ ತನ್ನ ಕೆಲಸ ಮುಗಿಸಿ 0 ಎಂದು ಹಿಂದಿರುಗಿಸಿದರೆ ‘ಯಶಸ್ವಿ’ ಎಂದರ್ಥ, ಬೇರೆ ಯಾವ ಸಂಖ್ಯೆಯಾದರೂ ‘ವಿಫಲ’. ಕೆಲಸ ಆಗುವ ರೀತಿ ಒಂದೇ, ಕೆಡುವ ರೀತಿ ನೂರು, ಕೆಟ್ಟದ್ದರ ಕಾರಣ ಹೇಳಲು ಸಂಖ್ಯೆಗಳು ಬೇಕು. ಬಹಳ ಸರಿಯಾದ ಯೋಚನೆ. ಆದರೆ ಅದೇ ಯುನಿಕ್ಸನ್ನು ಬರೆದಿರುವ ಸಿ ಭಾಷೆಯಲ್ಲಿ 0 ಎಂದರೆ ಸುಳ್ಳು. ಒಂದೇ ಮನೆಯಲ್ಲಿ ಒಂದು ಕೋಣೆಯ ‘ಹೌದು’ ಇನ್ನೊಂದು ಕೋಣೆಯ ‘ಅಲ್ಲ’. ಎರಡು ಪದಗಳು ಒಂದೇ ಆಗಿವೆಯೇ ಎಂದು ನೋಡುವ ಸಿ ಫಂಕ್ಷನ್‌ಗಳೂ ಒಂದೇ ಆಗಿದ್ದರೆ 0 ಕೊಡುತ್ತವೆ, ‘ವ್ಯತ್ಯಾಸ ಇಲ್ಲ’ ಎಂಬ ಅರ್ಥದಲ್ಲಿ. ಇಲ್ಲಿ ‘ಇಲ್ಲ’ ಎಂಬುದು ಒಳ್ಳೆಯ ಸುದ್ದಿ.

ಈ ‘ವ್ಯತ್ಯಾಸ ಇಲ್ಲ’ವೇ 2012ರಲ್ಲಿ ಮೈಎಸ್‌ಕ್ಯೂಎಲ್ ಮತ್ತು ಮರಿಯಾಡಿಬಿ ಎಂಬ ಡೇಟಾಬೇಸ್‌ಗಳಿಗೆ ಮುಳುವಾಯಿತು. ಪಾಸ್‌ವರ್ಡಿನಿಂದ ಲೆಕ್ಕ ಹಾಕಿದ ಗುರುತನ್ನೂ ಸರ್ವರಿನಲ್ಲಿರುವ ಗುರುತನ್ನೂ ಹೋಲಿಸುವ ಸಾಲು ಒಂದಿತ್ತು. ಹೋಲಿಸುವ ಫಂಕ್ಷನ್ ಕೊಡುವುದು ದೊಡ್ಡ ಪೂರ್ಣಾಂಕ. ಎರಡೂ ಒಂದೇ ಆದರೆ 0, ಬೇರೆಯಾದರೆ ಸೊನ್ನೆಯಲ್ಲದ ಯಾವುದೋ ಸಂಖ್ಯೆ. ಆ ಸಂಖ್ಯೆಯನ್ನು ಮೈಎಸ್‌ಕ್ಯೂಎಲ್ ತನ್ನದೇ ಬೂಲಿಯನ್ ಟೈಪಿಗೆ ಹಾಕಿಕೊಳ್ಳುತ್ತಿತ್ತು. ಆ ಟೈಪ್ ಇದ್ದದ್ದು ಒಂದೇ ಬೈಟ್. ಬಹಳ ಕಡೆ ಹೋಲಿಕೆಯ ಫಲ ಸಣ್ಣ ಸಂಖ್ಯೆಯಾಗಿದ್ದರಿಂದ ತೊಂದರೆ ಕಾಣಲಿಲ್ಲ. ಕೆಲವು ಲಿನಕ್ಸ್ ಬಿಲ್ಡ್‌ಗಳಲ್ಲಿ ಮಾತ್ರ ವೇಗಕ್ಕಾಗಿ ಹೊಸದಾಗಿ ಬರೆದ ಫಂಕ್ಷನ್ 512, 768ರಂಥ ಸಂಖ್ಯೆಗಳನ್ನೂ ಕೊಡಬಹುದಿತ್ತು. 256ರ ಅಪವರ್ತ್ಯದ ಕೊನೆಯ ಬೈಟ್ ಸೊನ್ನೆ. ಬೈಟಿಗೆ ಹಾಕಿದೊಡನೆ ‘ಬೇರೆ’ ಎಂಬ ಉತ್ತರ ‘ಒಂದೇ’ ಎಂದಾಗುತ್ತಿತ್ತು. ತಪ್ಪು ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೊಟ್ಟರೆ 256ಕ್ಕೆ ಒಂದರಂತೆ ಬಾಗಿಲು ತೆರೆಯುತ್ತಿತ್ತು, ಏಕೆಂದರೆ ಪ್ರತಿ ಸಲವೂ ಗುರುತು ಹೊಸದಾಗಿ ಲೆಕ್ಕವಾಗುತ್ತಿತ್ತು. ಕೆಲವೇ ಸೆಕೆಂಡಿನ ಕೆಲಸ. ಗೂಢಲಿಪಿಯನ್ನು ಯಾರೂ ಮುರಿಯಲಿಲ್ಲ, ಗಣಿತ ಗಟ್ಟಿಯಾಗಿಯೇ ಇತ್ತು. ಸೋತದ್ದು ‘ಹೌದೋ ಅಲ್ಲವೋ’ ಎಂಬ ಕೊನೆಯ ಹೆಜ್ಜೆಯಲ್ಲಿ.

2009ರ ಜನವರಿಯಲ್ಲಿ ಗೂಢಲಿಪಿಯ ಗ್ರಂಥಾಲಯವಾದ ಓಪನ್‌ಎಸ್‌ಎಸ್‌ಎಲ್ ಪ್ರಕಟಿಸಿದ ದೋಷ ಇನ್ನೂ ಸ್ವಚ್ಛ ಉದಾಹರಣೆ. ಡಿಜಿಟಲ್ ಸಹಿಯನ್ನು ಪರೀಕ್ಷಿಸುವ ಅದರ ಫಂಕ್ಷನ್ ಮೂರು ಉತ್ತರ ಕೊಡುತ್ತಿತ್ತು: ಸಹಿ ಸರಿ ಇದ್ದರೆ 1, ಸರಿ ಇಲ್ಲದಿದ್ದರೆ 0, ಪರೀಕ್ಷೆ ಮಾಡಲೇ ಆಗಲಿಲ್ಲ ಎಂದಾದರೆ -1. ಕರೆದ ಕಡೆಯಲ್ಲಿ ‘ಸೊನ್ನೆಯಾದರೆ ತಿರಸ್ಕರಿಸು’ ಎಂದಷ್ಟೇ ಬರೆದಿದ್ದರು. -1 ಸೊನ್ನೆಯಲ್ಲ, ಹಾಗಾಗಿ ನಿಜ, ಹಾಗಾಗಿ ಸಹಿ ಸರಿ. ನಕಲಿ ಸಹಿ ಮಾಡುವ ಶ್ರಮವೂ ಬೇಡ, ಓದಲಿಕ್ಕೇ ಬಾರದಂತೆ ಅದನ್ನು ಕೆಡಿಸಿ ಕಳುಹಿಸಿದರೆ ಸಾಕಿತ್ತು. ‘ಆಗಲಿಲ್ಲ’ ಎಂಬುದನ್ನು ‘ಹೌದು’ ಎಂದು ಓದಿದರು. 2014ರಲ್ಲಿ ಗ್ನುಟಿಎಲ್‌ಎಸ್ ಎಂಬ ಇನ್ನೊಂದು ಗ್ರಂಥಾಲಯದಲ್ಲಿ ಪ್ರಮಾಣಪತ್ರ ಪರೀಕ್ಷಿಸುವ ಜಾಗದಲ್ಲಿ ಇದೇ ಬಗೆಯ ದೋಷ ಸಿಕ್ಕಿತು. ಐದು ವರ್ಷದ ಅಂತರ, ಬೇರೆ ಬೇರೆ ಜನ, ಅದೇ ಹಳ್ಳ.

ಒಂದು ಪ್ರಸಂಗದಲ್ಲಿ ಮಾತ್ರ ತಪ್ಪು ಕೈತಪ್ಪಿನದ್ದಲ್ಲ, ಉದ್ದೇಶಪೂರ್ವಕ. 2003ರ ನವೆಂಬರಿನಲ್ಲಿ ಲಿನಕ್ಸ್ ಕರ್ನೆಲ್‌ನ ಒಂದು ಪ್ರತಿಯೊಳಗೆ ಯಾರೋ ಎರಡು ಸಾಲು ಸೇರಿಸಿದರು. ನೋಡಲು ಅದು ‘ಬಳಕೆದಾರರ ಸಂಖ್ಯೆ 0 ಆಗಿದ್ದರೆ’ ಎಂಬ ಸಾಮಾನ್ಯ ಪರೀಕ್ಷೆ. ಆದರೆ ಎರಡು ಸಮಚಿಹ್ನೆ ಇರಬೇಕಾದಲ್ಲಿ ಒಂದೇ ಇತ್ತು. ಸಿ ಭಾಷೆಯಲ್ಲಿ ಒಂದು ಸಮಚಿಹ್ನೆ ಎಂದರೆ ಹೋಲಿಕೆಯಲ್ಲ, ‘0 ಮಾಡಿಬಿಡು’ ಎಂಬ ಆಜ್ಞೆ. ಯುನಿಕ್ಸ್ ಲೋಕದಲ್ಲಿ 0 ಸಂಖ್ಯೆಯ ಬಳಕೆದಾರರೆಂದರೆ ಸರ್ವಾಧಿಕಾರಿ. ಗುಟ್ಟಿನ ಆಯ್ಕೆಗಳನ್ನು ಕೊಟ್ಟು ಆ ಫಂಕ್ಷನ್ ಕರೆದವರು ಯಂತ್ರದ ಒಡೆಯರಾಗುತ್ತಿದ್ದರು. 0 ಮಾಡಿದ ಫಲವೂ 0, ಅಂದರೆ ಸುಳ್ಳು, ಆದ್ದರಿಂದ ‘ಇಫ್’ನ ಒಳಗಿನ ಸಾಲು ಓಡುವುದೇ ಇಲ್ಲ, ಸದ್ದೂ ಇಲ್ಲ. ಮೂಲ ಭಂಡಾರಕ್ಕೂ ಆ ಪ್ರತಿಗೂ ಹೊಂದಾಣಿಕೆ ಆಗದ್ದರಿಂದ ಬೇಗನೆ ಸಿಕ್ಕಿಬಿತ್ತು. ಜಾವಾದಂಥ ಭಾಷೆಯಲ್ಲಿ ಆ ಸಾಲು ಕಂಪೈಲ್ ಆಗುತ್ತಲೇ ಇರಲಿಲ್ಲ. ಸಂಖ್ಯೆಯನ್ನು ನಿಜ ಸುಳ್ಳಾಗಿ ಓದದಿರುವ ಭಾಷೆಗಳ ಬಿಗಿತನವನ್ನು ಅನವಶ್ಯಕ ಮಡಿ ಎಂದು ದೂರುವವರಿಗೆ ನಾನು ಈ ಎರಡು ಸಾಲು ತೋರಿಸುತ್ತೇನೆ.

ಈಗ ಈ ಇಡೀ ಪ್ರಶ್ನೆಯ ಅತಿ ಕಷ್ಟದ ಭಾಗಕ್ಕೆ ಬರೋಣ, ‘ಗೊತ್ತಿಲ್ಲ’ಕ್ಕೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಮುಂದಿಟ್ಟ ಸಂಬಂಧಾತ್ಮಕ ಮಾದರಿಯಿಂದ ಎಸ್‌ಕ್ಯೂಎಲ್ ಡೇಟಾಬೇಸ್‌ಗಳು ಬೆಳೆದವು. ಬ್ಯಾಂಕು, ಆಸ್ಪತ್ರೆ, ಪಡಿತರ, ಭೂಮಿ, ಬಹುಪಾಲು ದಾಖಲೆಗಳು ಇಂದು ಅಲ್ಲಿವೆ. ಅಲ್ಲಿ ತುಂಬದ ಜಾಗಕ್ಕೆ ‘ನಲ್’ ಎಂದು ಹೆಸರು. ನಲ್ ಜೊತೆ ಏನನ್ನು ಹೋಲಿಸಿದರೂ ಉತ್ತರ ನಿಜವೂ ಅಲ್ಲ ಸುಳ್ಳೂ ಅಲ್ಲ, ಮೂರನೆಯದು. ನಲ್ ನಲ್‌ಗೆ ಸಮವೇ ಎಂದು ಕೇಳಿದರೂ ‘ಗೊತ್ತಿಲ್ಲ’ವೇ. ತರ್ಕಶಾಸ್ತ್ರದಲ್ಲಿ ಮೂರು ಮೌಲ್ಯಗಳ ಪದ್ಧತಿಯನ್ನು ಪೋಲೆಂಡಿನ ಯಾನ್ ವುಕಾಶೆವಿಚ್ 1920ರಲ್ಲೇ ಕಟ್ಟಿದ್ದರು. ಎಸ್‌ಕ್ಯೂಎಲ್ ಅದನ್ನು ಗುಮಾಸ್ತರ ಮೇಜಿಗೆ ತಂದಿತು.

ಸಹಕಾರ ಸಂಘವೊಂದರಲ್ಲಿ ‘ಸಾಲ ಪಡೆಯದ ಸದಸ್ಯರು ಯಾರು’ ಎಂಬ ಪಟ್ಟಿ ಬೇಕಾಗಿದೆ ಅನ್ನಿ. ಸದಸ್ಯತ್ವ ಸಂಖ್ಯೆ ಸಾಲದ ಪುಸ್ತಕದಲ್ಲಿ ಇಲ್ಲದವರನ್ನು ಕೊಡು ಎಂದು ಎಸ್‌ಕ್ಯೂಎಲ್‌ನ ‘ನಾಟ್ ಇನ್’ ಬಳಸಿ ಬರೆಯುತ್ತೇವೆ. ಸಾಲದ ಪುಸ್ತಕದ ಸಾವಿರ ಸಾಲಿನಲ್ಲಿ ಒಂದೇ ಒಂದು ಸಾಲಿನಲ್ಲಿ ಸದಸ್ಯತ್ವ ಸಂಖ್ಯೆ ತುಂಬಿರದಿದ್ದರೆ ಸಾಕು, ಒಬ್ಬರ ಹೆಸರೂ ಬರುವುದಿಲ್ಲ. ಯಂತ್ರದ ವಾದ ಹೀಗಿದೆ: ಆ ತುಂಬದ ಸಾಲು ಈ ಸದಸ್ಯರದ್ದೇ ಇರಬಹುದು, ಅಲ್ಲದೆಯೂ ಇರಬಹುದು, ಆದ್ದರಿಂದ ಇವರು ಸಾಲ ಪಡೆದಿಲ್ಲ ಎಂದು ಖಚಿತವಾಗಿ ಹೇಳಲಾರೆ. ವಾದದಲ್ಲಿ ಲೋಪವಿಲ್ಲ. ಲೋಪವಿರುವುದು ಅದನ್ನು ನಮಗೆ ತಿಳಿಸುವ ರೀತಿಯಲ್ಲಿ. ‘ಹೇಳಲಾರೆ’ ಎನ್ನುವ ಬದಲು ಖಾಲಿ ಪಟ್ಟಿ ಕೊಡುತ್ತದೆ, ಓದುವವರು ಅದನ್ನು ‘ಅಂಥವರು ಯಾರೂ ಇಲ್ಲ’ ಎಂದು ಓದುತ್ತಾರೆ. ಅದೇ ಎಸ್‌ಕ್ಯೂಎಲ್ ದತ್ತಾಂಶವನ್ನು ಒಳಗೆ ಬಿಟ್ಟುಕೊಳ್ಳುವ ನಿಯಮ ಪರೀಕ್ಷಿಸುವಾಗ ಇದಕ್ಕೆ ತದ್ವಿರುದ್ಧ, ‘ಗೊತ್ತಿಲ್ಲ’ ಎಂದಾದರೆ ಬಿಟ್ಟುಬಿಡುತ್ತದೆ. ಹುಡುಕುವಾಗ ಸಂಶಯದ ಲಾಭ ಇಲ್ಲ, ಸೇರಿಸುವಾಗ ಇದೆ.

ಕಾಡ್ ಅವರಿಗೇ ಒಂದು ನಲ್ ಸಾಲದೆನಿಸಿತು. 1990ರ ತಮ್ಮ ಪುಸ್ತಕದಲ್ಲಿ ‘ಇರಬೇಕಾದದ್ದು, ಸದ್ಯಕ್ಕೆ ತಿಳಿದಿಲ್ಲ’ ಎಂಬುದಕ್ಕೊಂದು, ‘ಇವರಿಗೆ ಅನ್ವಯಿಸುವುದೇ ಇಲ್ಲ’ ಎಂಬುದಕ್ಕೊಂದು, ಹೀಗೆ ಎರಡು ಗುರುತು ಬೇಕೆಂದರು. ಅವರ ಜೊತೆಗಾರರೇ ಆಗಿದ್ದ ಕ್ರಿಸ್ ಡೇಟ್ ನಲ್ ಎಂಬುದೇ ಬೇಡ ಎಂದು ದಶಕಗಳ ಕಾಲ ವಾದಿಸಿದರು. ಇಬ್ಬರ ವಾದವನ್ನೂ ಓದುವಾಗ ನನಗೆ ನಮ್ಮ ಕಡೆಯ ನೈಯಾಯಿಕರು ನೆನಪಾಗುತ್ತಾರೆ. ‘ಅಭಾವ’ವನ್ನು ಒಂದು ಪದಾರ್ಥವೆಂದೇ ಎಣಿಸಿ ಅದರಲ್ಲಿ ನಾಲ್ಕು ಬಗೆ ಮಾಡಿದವರು ಅವರು. ಮಡಕೆ ಇನ್ನೂ ಹುಟ್ಟಿಲ್ಲ, ಅದು ಪ್ರಾಗಭಾವ. ಒಡೆದುಹೋಯಿತು, ಅದು ಪ್ರಧ್ವಂಸಾಭಾವ. ಗಾಳಿಯಲ್ಲಿ ಬಣ್ಣ ಎಂದೂ ಇರುವುದಿಲ್ಲ, ಅದು ಅತ್ಯಂತಾಭಾವ. ಮಡಕೆ ಬಟ್ಟೆಯಲ್ಲ, ಅದು ಅನ್ಯೋನ್ಯಾಭಾವ. ಮೊದಲ ಮೂರು ಕನ್ನಡದ ‘ಇಲ್ಲ’, ನಾಲ್ಕನೆಯದು ‘ಅಲ್ಲ’. ಡೇಟಾಬೇಸಿನ ಒಂದು ಖಾಲಿ ಅಂಕಣವನ್ನು ಮುಂದಿಟ್ಟುಕೊಂಡು ಕೇಳಿ: ಇನ್ನೂ ತುಂಬಿಲ್ಲವೇ, ಇದ್ದದ್ದನ್ನು ಅಳಿಸಿದರೇ, ಇವರಿಗೆ ಅನ್ವಯಿಸುವುದೇ ಇಲ್ಲವೇ? ಮೂರಕ್ಕೂ ಸಂಸ್ಕೃತದಲ್ಲಿ ಹೆಸರಿದೆ, ಎಸ್‌ಕ್ಯೂಎಲ್‌ನಲ್ಲಿ ಇರುವುದು ಒಂದೇ ನಲ್.

ಜೈನರ ಸ್ಯಾದ್ವಾದದ ಏಳು ಭಂಗಗಳಲ್ಲಿ ‘ಇದೆ’, ‘ಇಲ್ಲ’ಗಳ ಜೊತೆ ‘ಅವಕ್ತವ್ಯ’, ಹೇಳಲಾಗದು ಎಂಬುದೂ ಒಂದು ಮೂಲ ಭಂಗ. ಉಳಿದವು ಈ ಮೂರರ ಜೋಡಣೆ. ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ 1954ರಲ್ಲಿ ಇದನ್ನು ಸಂಭವನೀಯತೆಯ ವಿಚಾರಕ್ಕೆ ಜೋಡಿಸಿ ಬರೆದರು, 1957ರಲ್ಲಿ ಜೀವವಿಜ್ಞಾನಿ ಜೆ. ಬಿ. ಎಸ್. ಹಾಲ್ಡೇನ್ ಕೂಡ ಬರೆದರು. ಬೂಲರ ಮನೆಗೂ ಭಾರತದ ನಂಟಿತ್ತು: ಅವರ ಮಡದಿ ಮೇರಿ ಎವರೆಸ್ಟ್ ಬೂಲ್, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟ್ ಅವರ ಸೋದರನ ಮಗಳು. ತನ್ನ ಗಂಡನ ತರ್ಕದ ಹಿಂದೆ ಭಾರತೀಯ ಚಿಂತನೆಯ ಪ್ರಭಾವವಿತ್ತು ಎಂದು ಆಕೆ 1901ರಲ್ಲಿ ಬರೆದಿದ್ದಾರೆ. ಅಷ್ಟರಿಂದಲೇ ಕಂಪ್ಯೂಟರ್ ತರ್ಕ ನಮ್ಮದು ಎಂದು ಹೆಮ್ಮೆಪಡುವುದು ನನಗೆ ಸರಿ ಕಾಣುವುದಿಲ್ಲ, ನ್ಯಾಯದವರೂ ಜೈನರೂ ಕೇಳುತ್ತಿದ್ದ ಪ್ರಶ್ನೆಗಳು ಬೇರೆ. ಆದರೆ ಇಲ್ಲದಿರುವುದರಲ್ಲಿ ಬಗೆಗಳಿವೆ ಎಂದು ಹಟ ಹಿಡಿದು ವಿಂಗಡಿಸಿದ ಅವರ ಶಿಸ್ತು ಇವತ್ತು ಟೇಬಲ್ ವಿನ್ಯಾಸ ಮಾಡುವವರಿಗೆ ನೇರವಾಗಿ ಬೇಕು.

ಆ ಶಿಸ್ತಿಗೆ ಸಾಧನಗಳೂ ಈಗ ಇವೆ. ಎಂಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸಂತತಿಯವು, ಅವುಗಳಿಂದ ಕಲಿತ ರಸ್ಟ್, ‘ಸಿಕ್ಕಿತು, ಇದು ಮೌಲ್ಯ’ ಅಥವಾ ‘ಏನೂ ಸಿಗಲಿಲ್ಲ’ ಎಂಬುದನ್ನು ಒಂದು ಟೈಪ್ ಆಗಿ ಬರೆಯುತ್ತವೆ. ‘ಆಯಿತು, ಇದು ಫಲ’ ಅಥವಾ ‘ಆಗಲಿಲ್ಲ, ಇದು ಕಾರಣ’ ಎಂಬುದು ಇನ್ನೊಂದು ಟೈಪ್. ಎರಡರಲ್ಲಿ ಒಂದು ಕವಲನ್ನು ನೋಡಲು ಮರೆತರೆ ಕಂಪೈಲರ್ ತಡೆಯುತ್ತದೆ, ಇಲ್ಲವೇ ಎಚ್ಚರಿಸುತ್ತದೆ. ಓಪನ್‌ಎಸ್‌ಎಸ್‌ಎಲ್‌ನ ಆ -1 ಇಂಥ ಭಾಷೆಯಲ್ಲಿ ‘ಹೌದು’ ಎಂದು ಕಣ್ತಪ್ಪಿಸಿ ಹೋಗುವುದು ಕಷ್ಟ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಬರ್ಟ್ ಹಾರ್ಪರ್ ‘ಬೂಲಿಯನ್ ಕುರುಡು’ ಎಂಬ ಮಾತನ್ನು ಬಳಕೆಗೆ ತಂದರು. ಒಂದು ಪರೀಕ್ಷೆ ಮಾಡಿ ಫಲವನ್ನು ಒಂದು ಬಿಟ್ಟಿಗೆ ಇಳಿಸಿದೊಡನೆ ಏನನ್ನು ಪರೀಕ್ಷಿಸಿದೆವು ಎಂಬುದು ಕಳೆದುಹೋಗುತ್ತದೆ, ಉಳಿಯುವುದು ಬರೀ 1. ಆ 1 ಯಾವುದರದ್ದು ಎಂದು ಅದು ತಾನೇ ಹೇಳಲಾರದು.

ಭಾಷೆ ಬದಲಿಸಲಾಗದವರೂ ಮಾಡಬಹುದಾದ್ದಿದೆ. ‘ಅಳಿಸಲಾಗಿದೆಯೇ’ ಎಂಬ ಫ್ಲ್ಯಾಗ್ ಬದಲು ‘ಅಳಿಸಿದ ದಿನಾಂಕ’ ಇಡಿ. ಅದೇ ಜಾಗದಲ್ಲಿ ಹೌದು ಅಲ್ಲ ಎರಡೂ ತಿಳಿಯುತ್ತವೆ, ಯಾವಾಗ ಎಂಬುದೂ ತಿಳಿಯುತ್ತದೆ. ಫಂಕ್ಷನ್‌ಗೆ ಟ್ರೂ, ಫಾಲ್ಸ್, ಟ್ರೂ ಎಂದು ಸಾಲಾಗಿ ಕಳುಹಿಸಬೇಡಿ, ಆರು ತಿಂಗಳ ನಂತರ ನಡುವಿನದ್ದು ಯಾತಕ್ಕೆ ಎಂದು ಬರೆದವರಿಗೇ ನೆನಪಿರುವುದಿಲ್ಲ. ಹೆಸರಿರುವ ಆಯ್ಕೆಗಳನ್ನು ಕಳುಹಿಸಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಅರ್ಜಿಯ ಚೌಕಗಳಲ್ಲಿ. ಹಿಂದೆ ನಾನಿದ್ದ ಒಂದು ತಂಡ ಆಸ್ಪತ್ರೆಯೊಂದಕ್ಕಾಗಿ ರೋಗಿಗಳ ದಾಖಲೆಯ ವ್ಯವಸ್ಥೆ ಮಾಡಿತ್ತು. ‘ಔಷಧಿಗಳ ಅಲರ್ಜಿ ಇದೆ’ ಎಂಬುದರ ಮುಂದೆ ಒಂದು ಚೌಕ, ಟಿಕ್ ಮಾಡಿದರೆ ಟ್ರೂ, ಇಲ್ಲದಿದ್ದರೆ ಫಾಲ್ಸ್. ಬಳಕೆಗೆ ಕೊಡುವ ಮುನ್ನ ಒಬ್ಬ ದಾದಿ ಪರದೆ ನೋಡಿ ಕೇಳಿದರು: ‘ನಾನು ಕೇಳಿ, ಅವರು ಇಲ್ಲ ಅಂದಿದ್ದಾರೋ, ಅಥವಾ ಕೇಳೋಕೇ ಆಗಿಲ್ವೋ, ಡಾಕ್ಟ್ರಿಗೆ ಹೇಗೆ ಗೊತ್ತಾಗುತ್ತೆ?’ ಪ್ರಜ್ಞೆ ಇಲ್ಲದೆ ಬಂದ ರೋಗಿಯ ಚೌಕವೂ ಖಾಲಿಯೇ ಇರುತ್ತದೆ. ನಮ್ಮಲ್ಲಿ ಯಾರಿಗೂ ಆ ಪ್ರಶ್ನೆ ಹೊಳೆದಿರಲಿಲ್ಲ. ಚೌಕ ತೆಗೆದು ‘ಇದೆ’, ‘ಇಲ್ಲ ಎಂದಿದ್ದಾರೆ’, ‘ಕೇಳಿಲ್ಲ’ ಎಂಬ ಮೂರು ಆಯ್ಕೆ ಇಟ್ಟೆವು, ಯಾವುದನ್ನೂ ಮೊದಲೇ ಆರಿಸದೆ ಬಿಟ್ಟೆವು. ಬದಲಾವಣೆಗೆ ಹಿಡಿದದ್ದು ಒಂದು ಮಧ್ಯಾಹ್ನ.

ಇಂಥ ಒಂದು ಬಿಟ್ಟನ್ನು ಈ ದೇಶದ ಕೋಟ್ಯಂತರ ಜನ ಮುಟ್ಟುವುದು ಆಧಾರ್ ದೃಢೀಕರಣದಲ್ಲಿ. ನ್ಯಾಯಬೆಲೆ ಅಂಗಡಿಯ ಯಂತ್ರದ ಮೇಲೆ ಬೆರಳಿಟ್ಟರೆ, ಇವರು ಅವರೇ ಹೌದೋ ಎಂಬ ಪ್ರಶ್ನೆ ಕೇಂದ್ರಕ್ಕೆ ಹೋಗುತ್ತದೆ. ಬರುವ ಉತ್ತರ ಒಂದಕ್ಷರ, ಹೌದು ಎಂಬುದರ ‘ವೈ’ ಅಥವಾ ಅಲ್ಲ ಎಂಬುದರ ‘ಎನ್’. ಹೀಗೆ ಕಿರಿದಾಗಿ ಇಟ್ಟಿರುವುದಕ್ಕೆ ಒಳ್ಳೆಯ ಕಾರಣವಿದೆ, ಕೇಳಿದವರಿಗೆಲ್ಲ ವ್ಯಕ್ತಿಯ ವಿವರ ಹೋಗಬಾರದು. ‘ಎನ್’ ಜೊತೆ ಕಾರಣದ ಸಂಕೇತ ಸಂಖ್ಯೆಯೂ ಬರುತ್ತದೆ. ಬೆರಳಚ್ಚು ಹೊಂದದಿರುವುದಕ್ಕೊಂದು, ಬೇರೆ ದೋಷಗಳಿಗೆ ಬೇರೆ ಬೇರೆ. ಆದರೆ ಆ ಸಂಖ್ಯೆ ಸಾಲಿನಲ್ಲಿ ನಿಂತವರವರೆಗೆ ಅರ್ಥವಾಗಿ ತಲುಪುವುದು ವಿರಳ. ಗದ್ದೆಯಲ್ಲಿ, ಇಟ್ಟಿಗೆ ಗೂಡಿನಲ್ಲಿ, ಪಾತ್ರೆ ತಿಕ್ಕುವಲ್ಲಿ ಸವೆದ ಬೆರಳುಗಳ ಗೆರೆ ಯಂತ್ರಕ್ಕೆ ಸ್ಪಷ್ಟವಾಗಿ ಸಿಗುವುದಿಲ್ಲ. ‘ಓದಲಿಕ್ಕೆ ಆಗಲಿಲ್ಲ’, ‘ಓದಿದೆ, ಹೊಂದಲಿಲ್ಲ’, ‘ನೆಟ್‌ವರ್ಕ್ ಇಲ್ಲ’, ಈ ಮೂರೂ ಕೊನೆಗೆ ‘ಈ ತಿಂಗಳ ಅಕ್ಕಿ ಇಲ್ಲ’ ಎಂಬ ಒಂದೇ ಫಲಕ್ಕೆ ಕೂಡುತ್ತವೆ. ಒಟಿಪಿ, ಕಣ್ಣಿನ ಪಾಪೆಯಂಥ ಬೇರೆ ದಾರಿಗಳು ನಿಯಮದಲ್ಲಿವೆ. ಆ ದಾರಿ ಹಿಡಿಯಬೇಕಾದರೆ ಮೊದಲು ಆದದ್ದು ಯಾವ ಬಗೆಯ ‘ಇಲ್ಲ’ ಎಂದು ಗೊತ್ತಾಗಬೇಕು.

ಹಳ್ಳಿಯ ಅಂಗಡಿಗಳಲ್ಲಿ ಯಂತ್ರ ಕೆಂಪು ದೀಪ ತೋರಿಸಿದಾಗ, ‘ನೀವು ಅವರಲ್ಲ’ ಎಂದು ಯಾರೂ ಹೇಳುವುದನ್ನು ನಾನು ಕೇಳಿಲ್ಲ. ಕೇಳಿರುವುದು ಇಷ್ಟು: ‘ಬೆರಳು ತಗೋತಾ ಇಲ್ಲ ಅಮ್ಮ, ಕೈ ಒರೆಸ್ಕೊಂಡು ಇನ್ನೊಂದ್ಸಲ ಇಡಿ.’